ಪರದೇಶಕ್ಕೆ ಹೊರಟವರ ಸೂಜಿ ಮತ್ತು ಗುಳಿಗೆ

ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಅಲ್ಲಿನ ಪಕ್ಷಿಧಾಮದ ದೆಸೆಯಿಂದ ಕೇಳಿರಬಹುದು. ನೀರಾವರಿಗೆಂದು ಕಟ್ಟಿದ ಜಲಾಶಯ ಅದು. ಮಳೆ ಹಿಂದೆ ಸರಿದು ಚಳಿ ಮೊದಲಾಗುವ ಹೊತ್ತಿಗೆ ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಚಮಚದಂಥ ಕೊಕ್ಕಿನ ಹಕ್ಕಿ ಮೊದಲಾದವು ಬಂದು ನೆರೆಯುತ್ತವೆ. ಅವುಗಳಲ್ಲಿ ಕೆಲವು ಬಹು ದೂರದಿಂದ ಬರತಕ್ಕವು. ಅವಕ್ಕೆ ಪಾಸ್ಪೋರ್ಟು ಬೇಕಿಲ್ಲ, ಸೂಜಿಯೂ ಬೇಕಿಲ್ಲ. ಮನುಷ್ಯನ ಪ್ರಯಾಣ ಅಷ್ಟು ಸಲೀಸಲ್ಲ.

ಇದೇ ಅತ್ತಿವೇರಿಯ ಒಬ್ಬ ಹುಡುಗನಿಗೆ ಯುಗಾಂಡಾ ದೇಶದ ಕಂಪಾಲಾ ನಗರದಲ್ಲಿ ಕೆಲಸ ಸಿಕ್ಕಿತೆಂದು ಎಣಿಸೋಣ. ಮನೆಯವರಿಗೆ ಸಂತೋಷ. ಅದರ ಬೆನ್ನಿಗೇ ಕೆಲಸ ಕೊಟ್ಟವರಿಂದ ಒಂದು ಕಾಗದ ಬರುತ್ತದೆ: ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಬರಬೇಕು, ಮಲೇರಿಯ ತಡೆಯುವ ಗುಳಿಗೆ ನುಂಗಬೇಕು. ಸಂಜೆಯ ಹೊತ್ತಿಗೆ ಸುದ್ದಿ ಕೇರಿಯಲ್ಲೆಲ್ಲ ಹರಡಿ ನೆರೆಮನೆಯ ಹಿರಿಯರು ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. “ಅಲ್ಲೋ ತಮ್ಮಾ, ಆ ಸೂಜಿ ಮಾಡಿಸ್ಕೊಂಡ್ರ ಜ್ವರ ಬರ್ತಾವಂತ. ಆ ಗುಳಿಗಿ ನುಂಗಿದ್ರ ರಾತ್ರಿ ಕೆಟ್ಟ ಕನಸು ಬೀಳ್ತಾವಂತ. ಗಟ್ಟಿಮುಟ್ಟಾಗಿ ಇದ್ದಿ, ಸುಮ್ನ ಯಾಕ ಬೇನಿ ಕೊಂಡ್ಕೋತಿ?” ಎಂದು ಅವರು ಕೇಳುತ್ತಾರೆ.

ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹಿರಿಯರು ಹೇಳಿದ ಎರಡು ಸಂಗತಿಗಳಲ್ಲಿಯೂ ಸತ್ಯಾಂಶವುಂಟು. ಆ ಲಸಿಕೆಯಿಂದ ಕೆಲವರಿಗೆ ಜ್ವರ ಬರುತ್ತದೆ. ಆ ಗುಳಿಗೆಗಳಲ್ಲಿ ಒಂದರಿಂದ ಕೆಲವರಿಗೆ ಕೆಟ್ಟ ಕನಸೂ ಬೀಳುತ್ತದೆ. ಹಾಗಾದರೆ ಹುಡುಗ ಮಾಡಬೇಕಾದದ್ದೇನು? ರೋಗ ತಡೆಯುವ ಮದ್ದುಗಳ ಅಡ್ಡ ಪರಿಣಾಮಗಳನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಒಂದು ಮಾತು. ರೋಗ ಬಂದ ಮೇಲೆ ಕೊಡುವ ಔಷಧಕ್ಕೂ ರೋಗ ಬಾರದಿರಲೆಂದು ಕೊಡುವ ಔಷಧಕ್ಕೂ ಮನಸ್ಸಿನ ಮಟ್ಟಿಗೆ ಬಹಳ ಅಂತರವಿದೆ. ಚಳಿಜ್ವರದಿಂದ ನಡುಗುತ್ತಿರುವವನಿಗೆ ಕಹಿ ಗುಳಿಗೆ ಕೊಟ್ಟರೆ, ಅದರಿಂದ ಕಿವಿ ಗುಂಯ್‌ಗುಟ್ಟಿದರೂ ಆತ ಸಹಿಸಿಕೊಳ್ಳುತ್ತಾನೆ; ಜ್ವರ ಇಳಿದಾಗ ಮದ್ದಿನ ಗುಣ ಅವನ ಮೈಗೇ ತಿಳಿಯುತ್ತದೆ. ಆರೋಗ್ಯವಾಗಿರುವವನಿಗೆ ಕಾಣುವುದು ಮದ್ದಿನ ತೊಂದರೆ ಮಾತ್ರ. ಅದು ತಡೆದ ರೋಗ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಆದಕಾರಣ ಇಂಥ ಮದ್ದನ್ನು ಕೊಡುವ ವೈದ್ಯರು ಅದರ ತೊಂದರೆಗಳನ್ನು ಮೊದಲೇ ಬಿಡಿಸಿ ಹೇಳುವುದು ನ್ಯಾಯ. ಹೇಳದಿದ್ದರೆ, ಮೊದಲ ವಾಂತಿಗೇ ಗುಳಿಗೆಯ ಪೊಟ್ಟಣ ಕಸದ ಬುಟ್ಟಿ ಸೇರುತ್ತದೆ.

ಮದ್ದಿನ ತರುವಾಯ ಕಾಣುವ ತೊಂದರೆಗಳಲ್ಲಿ ಮೂರು ಬಗೆ. ಮೊದಲನೆಯದು, ಲಸಿಕೆಯನ್ನು ಎದುರಿಸಲು ದೇಹ ಎಚ್ಚೆತ್ತುಕೊಂಡಾಗ ಆಗುವ ತೋಳುನೋವು, ಮೈಕೈ ನೋವು, ಅಲ್ಪ ಜ್ವರ. ಇದು ಒಂದೆರಡು ದಿನಗಳಲ್ಲಿ, ಹೆಚ್ಚೆಂದರೆ ವಾರದಲ್ಲಿ ಹೋಗುವಂಥದು. ಎರಡನೆಯದು, ಕೆಲವರ ಪ್ರಕೃತಿಗೆ ಮದ್ದು ಒಗ್ಗದೆ ಆಗುವ ನಿಜವಾದ ಅಪಾಯ. ಇದು ವಿರಳ; ಆದರೆ ಯಾರಿಗೆ ಆಗಬಹುದೆಂಬುದನ್ನು ಅನೇಕ ವೇಳೆ ಮೊದಲೇ ಊಹಿಸಬಹುದು. ಮೂರನೆಯದು, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆ, ಬೇರೆ ಕಾರಣದಿಂದ ಬಂದ ಬೇನೆಯ ಹೊಣೆ ಮದ್ದಿನ ತಲೆಗೆ ಬೀಳುವುದು. ಈ ಮೂರನ್ನೂ ಒಂದೇ ಗಂಟು ಕಟ್ಟಿದರೆ ತೀರ್ಮಾನ ತಪ್ಪುತ್ತದೆ.

ಅತ್ತಿವೇರಿಯವರಿಗೆ ಹತ್ತಿರದ ದೊಡ್ಡ ಊರಾದ ಹುಬ್ಬಳ್ಳಿ ಈ ಪಾಠವನ್ನು ಬಹಳ ಹಿಂದೆಯೇ ಕಂಡಿದೆ. ೧೮೯೮ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಡಿದಾಗ, ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿದ ಲಸಿಕೆಯನ್ನು ಅಲ್ಲಿ ಹತ್ತಾರು ಸಾವಿರ ಜನಕ್ಕೆ ಚುಚ್ಚಲಾಯಿತು. ಹಾಫ್ಕಿನ್ ೧೮೯೭ರ ಜನವರಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ. ಜ್ವರ, ತೋಳಿನ ಬಾವು, ಮೈನೋವು ಅವನಿಗೂ ತಪ್ಪಲಿಲ್ಲ, ಜನಕ್ಕೂ ತಪ್ಪಲಿಲ್ಲ. ದಿನಗೂಲಿಯವನಿಗೆ ಎರಡು ದಿನ ಮಲಗಿದರೆ ಎರಡು ದಿನದ ಗಂಜಿ ಹೋದಂತೆ. ಹಾಗಿದ್ದರೂ, ಕಣ್ಣೆದುರು ಪ್ಲೇಗು ಕುಣಿಯುತ್ತಿದ್ದುದರಿಂದ ಜನ ತೋಳು ಒಡ್ಡಿದರು.

ಅದೇ ಲಸಿಕೆಯ ಇನ್ನೊಂದು ಕಥೆ ದುಃಖದ್ದು. ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಅದೇ ದಿನ ಅದೇ ಊರಿನಲ್ಲಿ ಬೇರೆ ಸೀಸೆಗಳಿಂದ ಚುಚ್ಚಿಸಿಕೊಂಡವರಿಗೆ ಏನೂ ಆಗಲಿಲ್ಲ. ಆ ಒಂದು ಸೀಸೆಗೆ ಹೊರಗಿನ ಸೋಂಕು ತಗಲಿತ್ತು. ಹಾಫ್ಕಿನ್ ಮೇಲೆ ಬಂದ ಅಪವಾದ ತೊಡೆದುಹೋಗಲು ೧೯೦೭ರವರೆಗೆ ಕಾಯಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು ಎನ್ನಬಹುದು. ಮದ್ದಿನ ಗುಣದೋಷ ಬೇರೆ, ಅದನ್ನು ಕೊಡುವ ಕೈಯ ಶುಚಿ ಬೇರೆ. ಪ್ರಯಾಣಿಕನು ಲಸಿಕೆಯನ್ನು ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ತೋಳು ನೊಂದರೆ ಮದ್ದು ನಾಟಿತು ಎಂಬ ನಂಬಿಕೆಯೂ ಸರಿಯಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ನಮ್ಮ ಮಲೆನಾಡಿನ ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ ಬಹಳ ನೋಯಿಸುತ್ತಿತ್ತು. ಒಂದು ಸಲ ಚುಚ್ಚಿಸಿಕೊಂಡವರು ಎರಡನೆಯ ಸಲಕ್ಕೆ ಬರಲು ಹಿಂಜರಿಯುತ್ತಿದ್ದರು. ಕಡೆಗೆ ಅದರ ಶಕ್ತಿಯೇ ಸಾಲದೆಂದು ಕಂಡುಬಂದು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ನೋವು ಗುಣಕ್ಕೆ ಸಾಕ್ಷಿಯಲ್ಲ. ಹಾಗೆಯೇ ನೋವು ದೋಷಕ್ಕೂ ಸಾಕ್ಷಿಯಲ್ಲ. ಪ್ರತಿಯೊಂದು ಮದ್ದನ್ನೂ ಅದರದರ ಲೆಕ್ಕದಲ್ಲಿಯೇ ತೂಗಿ ನೋಡಬೇಕು.

ಈಗ ನಮ್ಮ ಹುಡುಗನ ಸೂಜಿಯ ವಿಚಾರಕ್ಕೆ ಬರೋಣ. ಹಳದಿ ಜ್ವರ ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಕಾಡುಸೀಮೆಯ ರೋಗ. ಸೊಳ್ಳೆ ಕಚ್ಚಿ ಬರುವಂಥದು. ಬಹಳ ಜನರಿಗೆ ಅದು ಜ್ವರ, ತಲೆನೋವುಗಳಲ್ಲಿಯೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಉಲ್ಬಣಿಸಿ, ಕಾಮಾಲೆಯಾಗಿ, ರಕ್ತ ಹೋಗತೊಡಗುತ್ತದೆ. ಆ ಘಟ್ಟ ಮುಟ್ಟಿದವರಲ್ಲಿ ಅರ್ಧದಷ್ಟು ಮಂದಿ ಬದುಕುವುದಿಲ್ಲ. ಅದನ್ನು ನೇರವಾಗಿ ಗುಣಪಡಿಸುವ ಔಷಧವಿಲ್ಲ. ಇರುವ ಒಂದೇ ಗಟ್ಟಿ ಆಸರೆ, ಮ್ಯಾಕ್ಸ್ ಥೈಲರ್ ೧೯೩೭ರ ಹೊತ್ತಿಗೆ ಸಿದ್ಧಪಡಿಸಿದ ಲಸಿಕೆ. ಅದಕ್ಕಾಗಿ ಆತನಿಗೆ ೧೯೫೧ರಲ್ಲಿ ನೊಬೆಲ್ ಬಹುಮಾನ ಬಂದಿತು.

ಈ ಲಸಿಕೆಯಲ್ಲಿರುವುದು ಸತ್ತ ರೋಗಾಣುವಲ್ಲ. ಬಲಗುಂದಿಸಿದ ಜೀವಂತ ರೋಗಾಣು. ಅದನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುತ್ತಾರೆ. ಅಡ್ಡ ಪರಿಣಾಮಗಳೆಲ್ಲ ಈ ಎರಡು ಸಂಗತಿಗಳಿಂದ ಅರ್ಥವಾಗುತ್ತವೆ. ಜೀವಂತ ರೋಗಾಣು ಮೈಯಲ್ಲಿ ಸ್ವಲ್ಪ ಬೆಳೆಯಬೇಕಾದುದರಿಂದ ಜ್ವರ, ತಲೆನೋವು ಅದೇ ದಿನ ಬಾರದೆ ಕೆಲವು ದಿನಗಳ ತರುವಾಯ ಬರುತ್ತವೆ. ನೂರಕ್ಕೆ ಹತ್ತರಿಂದ ಮೂವತ್ತು ಮಂದಿಗೆ ಇಷ್ಟು ಕಷ್ಟವಾಗುವುದುಂಟು. ಮೊಟ್ಟೆಯ ಅಂಶವಿರುವುದರಿಂದ, ಮೊಟ್ಟೆ ತಿಂದರೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವ ಪ್ರಕೃತಿಯವರಿಗೆ ಇದು ಅಪಾಯಕರ. ಅಂಥ ತೀವ್ರ ಒಗ್ಗದಿಕೆ ಲಕ್ಷಕ್ಕೆ ಸುಮಾರು ಒಬ್ಬರಲ್ಲಿ ಕಾಣುತ್ತದೆ. ಅದು ಸಾಮಾನ್ಯವಾಗಿ ಚುಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ತಲೆದೋರುವುದರಿಂದ, ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ ಎಂದು ಹೇಳುತ್ತಾರೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಓಡಬಾರದು.

ಇವಕ್ಕಿಂತ ಗಂಭೀರವಾದ ಎರಡು ತೊಂದರೆಗಳುಂಟು. ಬಲಗುಂದಿಸಿದ ರೋಗಾಣು ಬಲು ಅಪರೂಪವಾಗಿ ಮಿದುಳು, ನರಗಳನ್ನು ಕೆರಳಿಸುತ್ತದೆ; ಅದಕ್ಕಿಂತಲೂ ಅಪರೂಪವಾಗಿ ಒಳ ಅಂಗಗಳಿಗೆ ಹರಡಿ ಹಳದಿ ಜ್ವರವನ್ನೇ ಹೋಲುವ ಬೇನೆ ತರುತ್ತದೆ. ಮೊದಲನೆಯದು ಲಕ್ಷಕ್ಕೆ ಒಬ್ಬರಿಗಿಂತ ಕಡಮೆ. ಎರಡನೆಯದು ಹತ್ತು ಲಕ್ಷಕ್ಕೆ ಮೂವರ ಆಸುಪಾಸು. ಅರವತ್ತು ವರ್ಷ ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ ಈ ಪ್ರಮಾಣ ಏರುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಇದನ್ನು ಹಾಕುವುದೇ ಇಲ್ಲ. ರೋಗ ತಡೆಯುವ ಶಕ್ತಿ ಕುಗ್ಗಿರುವವರು, ಅದನ್ನು ಕುಗ್ಗಿಸುವ ಔಷಧಗಳನ್ನು ತೆಗೆದುಕೊಳ್ಳುತ್ತಿರುವವರು, ಎದೆಯೊಳಗಿನ ಥೈಮಸ್ ಗ್ರಂಥಿಯ ರೋಗವಿದ್ದವರು ಹಾಕಿಸಿಕೊಳ್ಳತಕ್ಕದ್ದಲ್ಲ. ಬಸುರಿಯರೂ ಮೊಲೆಯೂಡಿಸುವ ತಾಯಂದಿರೂ ವೈದ್ಯರೊಡನೆ ಕೂತು ಲೆಕ್ಕ ಹಾಕಿಯೇ ಮುಂದುವರಿಯಬೇಕು. ಮಗನ ಮನೆಗೆ ಹೋಗುತ್ತಿರುವ ಎಪ್ಪತ್ತರ ತಾಯಿಗೂ, ಕೆಲಸಕ್ಕೆ ಹೋಗುತ್ತಿರುವ ಇಪ್ಪತ್ತೈದರ ಹುಡುಗನಿಗೂ ಒಂದೇ ಉತ್ತರವಿಲ್ಲ. ಹಾಕಿಸಿಕೊಳ್ಳಬಾರದವರಿಗೆ ವೈದ್ಯರು ಕಾರಣ ಬರೆದು ವಿನಾಯಿತಿ ಪತ್ರ ಕೊಡಬಲ್ಲರು. ಆದರೆ ಎಲ್ಲ ದೇಶಗಳೂ ಅದನ್ನು ಒಪ್ಪಲೇಬೇಕೆಂದೇನೂ ಇಲ್ಲವಾದುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು.

ನಮ್ಮ ಹುಡುಗ ಗಟ್ಟಿ ಆಳು, ಮೊಟ್ಟೆ ತಿಂದು ಅರಗಿಸಿಕೊಳ್ಳುವವನು. ಅವನಿಗೆ ಎರಡು ದಿನದ ಮೈನೋವಿಗಿಂತ ಹೆಚ್ಚಿನದು ಆಗುವ ಸಂಭವ ಬಹಳ ಕಡಮೆ. ಆತ ಸೂಜಿಯನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ಮೂರು ನಾಲ್ಕು ವಾರ ಮೊದಲೇ ಮುಗಿಸಿದರೆ, ಬರಬಹುದಾದ ಜ್ವರವೂ ಮನೆಯಲ್ಲಿಯೇ, ಅವ್ವನ ಗಂಜಿಯ ಆಸರೆಯಲ್ಲಿಯೇ ಕಳೆದುಹೋಗುತ್ತದೆ. ಲಸಿಕೆಯ ಪತ್ರ ಹೇಗೂ ಹತ್ತು ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ. ೨೦೧೬ರ ಜುಲೈಯಿಂದ ಆ ಪತ್ರ ಜೀವನಪರ್ಯಂತ ಸಲ್ಲುತ್ತದೆ. ಹಿಂದಿನಂತೆ ಹತ್ತು ವರ್ಷಕ್ಕೊಮ್ಮೆ ತೋಳು ಒಡ್ಡಬೇಕಾಗಿಲ್ಲ.

“ನನಗೆ ರೋಗ ಬಂದರೆ ನಾನು ಅನುಭವಿಸುತ್ತೇನೆ, ಸರಕಾರಕ್ಕೇನು?” ಎಂದು ಕೇಳುವವರುಂಟು. ಹಳದಿ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಹಿತ್ತಿಲಿನ ಒಡೆದ ಕೊಡ, ತೆಂಗಿನ ಚಿಪ್ಪು, ಹಳೆಯ ಟಯರುಗಳಲ್ಲಿ ನಿಂತ ನೀರೇ ಅದರ ತೊಟ್ಟಿಲು. ಇಷ್ಟಾದರೂ ಏಷ್ಯಾ ಖಂಡದಲ್ಲಿ ಆ ರೋಗ ಈವರೆಗೆ ಬೇರೂರಿಲ್ಲ, ಆದ್ದರಿಂದ ನಮ್ಮ ಜನಕ್ಕೆ ಅದರ ಎದುರು ನಿಲ್ಲುವ ಶಕ್ತಿಯೂ ಬಂದಿಲ್ಲ. ೨೦೧೬ರಲ್ಲಿ ಅಂಗೋಲಾದಿಂದ ಚೀನಕ್ಕೆ ಮರಳಿದ ೧೧ ಮಂದಿ ಕೆಲಸಗಾರರು ಆ ರೋಗವನ್ನು ಮೈಯಲ್ಲಿ ಹೊತ್ತು ತಂದಾಗ ಆರೋಗ್ಯ ಇಲಾಖೆಗಳೆಲ್ಲ ಬೆಚ್ಚಿದವು. ಅಲ್ಲಿ ಅದು ಹರಡದೆ ನಿಂತದ್ದು ಪುಣ್ಯ. ನಮ್ಮ ಹುಡುಗ ರಜೆಗೆ ಅತ್ತಿವೇರಿಗೆ ಬರುವವನೇ. ಅವನ ತೋಳಿನ ಎರಡು ದಿನದ ನೋವು ಊರಿಗೆಲ್ಲ ಕಾವಲು.

ಪತ್ರವಿಲ್ಲದವರ ಪಾಡನ್ನು ೨೦೨೩ರ ಏಪ್ರಿಲಿನಲ್ಲಿ ಕಂಡೆವು. ಸೂಡಾನಿನಲ್ಲಿ ಕಾಳಗ ಸಿಡಿದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ, ಗಿಡಮೂಲಿಕೆಯ ವ್ಯಾಪಾರಕ್ಕೆಂದು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತ ಸರಕಾರ ತನ್ನ ಪ್ರಜೆಗಳನ್ನು ಕರೆತಂದಿತು. ಹಾಗೆ ಬಂದಿಳಿದ ಮೊದಲ ೧,೧೯೧ ಮಂದಿಯಲ್ಲಿ ೧೧೭ ಮಂದಿಗೆ ಹಳದಿ ಜ್ವರದ ಲಸಿಕೆ ಆಗಿರಲಿಲ್ಲವೆಂದು ಅವರನ್ನು ಪ್ರತ್ಯೇಕವಾಗಿ ಇರಿಸಬೇಕಾಯಿತು. ಗುಂಡಿನ ಸದ್ದಿನಿಂದ ಪಾರಾಗಿ ತಾಯ್ನೆಲ ಮುಟ್ಟಿದವರು ಮನೆಯ ಹೊಸ್ತಿಲು ತುಳಿಯಲು ಮತ್ತೆ ದಿನ ಎಣಿಸಬೇಕಾಯಿತು.

ಇನ್ನು ಗುಳಿಗೆಯ ಮಾತು. ಮಲೇರಿಯ ಎಂದರೇನೆಂದು ಮುಂಡಗೋಡ, ಹಳಿಯಾಳ, ಸೂಪಾ ಸೀಮೆಯ ಹಳೆಯ ತಲೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಾಡುಸೀಮೆ ಚಳಿಜ್ವರಕ್ಕೆ ಹೆಸರಾಗಿತ್ತು. ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು, ಡಾ. ಡಿ. ಕೆ. ವಿಶ್ವನಾಥನ್ ಅವರ ಮೇಲ್ವಿಚಾರಣೆಯಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕಾರವಾರ ಜಿಲ್ಲೆಗಳಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕೆಲಸ ಮೊದಲಾಯಿತು. ಅದರ ಯಶಸ್ಸು ೧೯೫೩ರ ರಾಷ್ಟ್ರೀಯ ಯೋಜನೆಗೆ ಧೈರ್ಯ ಕೊಟ್ಟಿತು. ಹೀಗೆ ಅಜ್ಜಂದಿರು ಕಂಡ ಚಳಿಜ್ವರವನ್ನು ಮೊಮ್ಮಕ್ಕಳು ಬಹುಮಟ್ಟಿಗೆ ಕಂಡಿಲ್ಲ. ಒಂದು ಕಾಲಕ್ಕೆ ಬಂದ ಅಲ್ಪಸ್ವಲ್ಪ ಎದುರುಶಕ್ತಿಯೂ ರೋಗದ ಸಹವಾಸ ತಪ್ಪಿದರೆ ಉಳಿಯುವುದಿಲ್ಲ. “ನಮ್ಮದು ಮಲೆನಾಡಿನ ಮೈ, ಮಲೇರಿಯ ಏನು ಮಾಡೀತು?” ಎನ್ನುವ ಹುಡುಗನ ಧೈರ್ಯಕ್ಕೆ ಆಧಾರವಿಲ್ಲ. ಆಫ್ರಿಕದ ಮಾರಕ ಮಲೇರಿಯ ಕೆಲವೇ ದಿನಗಳಲ್ಲಿ ತಲೆಗೇರಿ ಪ್ರಾಣ ತೆಗೆಯಬಲ್ಲದು. ಮಲೇರಿಯಕ್ಕೆ ಈಚೆಗೆ ಬಂದಿರುವ ಲಸಿಕೆಗಳು ಆಫ್ರಿಕದ ಎಳೆಯ ಮಕ್ಕಳಿಗಾಗಿ. ಪ್ರಯಾಣಿಕರಿಗೆ ಗುಳಿಗೆಯೇ ಗತಿ.

ಈ ಗುಳಿಗೆಗಳ ಚರಿತ್ರೆಯೆಂದರೆ ಅಡ್ಡ ಪರಿಣಾಮಗಳ ಚರಿತ್ರೆಯೇ. ಕ್ವಿನೈನು ಕಿವಿಯಲ್ಲಿ ಜೀರುಂಡೆ ಕೂಗಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಮೆಪಾಕ್ರಿನ್ ಚರ್ಮವನ್ನು ಹಳದಿಯಾಗಿಸುತ್ತಿತ್ತು. ಅದು ಪುರುಷತ್ವವನ್ನೂ ಕಳೆಯುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ಎಷ್ಟೋ ಸಿಪಾಯಿಗಳು ಅದನ್ನು ಗುಟ್ಟಾಗಿ ಉಗುಳುತ್ತಿದ್ದರು. ಬರ್ಮಾ ರಂಗದಲ್ಲಿ ಶತ್ರುವಿನ ಗುಂಡಿಗಿಂತ ಮಲೇರಿಯಕ್ಕೆ ಸಿಕ್ಕಿ ಮಲಗಿದವರೇ ಹೆಚ್ಚಾದಾಗ, ಸೇನಾನಿ ಸ್ಲಿಮ್ ಇದ್ದಕ್ಕಿದ್ದಂತೆ ಸಿಪಾಯಿಗಳ ಪರೀಕ್ಷೆ ಮಾಡಿಸಿ, ಗುಳಿಗೆ ನುಂಗಿದವರು ನೂರಕ್ಕೆ ತೊಂಬತ್ತೈದಕ್ಕಿಂತ ಕಡಮೆಯಿದ್ದ ದಳದ ಅಧಿಕಾರಿಯನ್ನೇ ಕೆಲಸದಿಂದ ತೆಗೆಯುತ್ತಿದ್ದ. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. ತರುವಾಯ ಬಂದ ಕ್ಲೋರೋಕ್ವಿನ್ ಬಹುಕಾಲ ಕೆಲಸ ಮಾಡಿತು. ಆದರೆ ಆಫ್ರಿಕದ ಮಾರಕ ಮಲೇರಿಯ ಈಗ ಅದನ್ನು ಲೆಕ್ಕಿಸುವುದಿಲ್ಲ.

ಇಂದು ಆಫ್ರಿಕಕ್ಕೆ ಹೋಗುವವರಿಗೆ ಮುಖ್ಯವಾಗಿ ಮೂರು ಮದ್ದುಗಳು. ಒಂದು, ದಿನಕ್ಕೊಂದರಂತೆ ನುಂಗುವ ಡಾಕ್ಸಿಸೈಕ್ಲಿನ್. ಇದು ಗಂಟಲನಾಳದಲ್ಲಿ ಅಂಟಿಕೊಂಡರೆ ಅಲ್ಲಿ ಹುಣ್ಣು ಮಾಡುತ್ತದೆ. ಆದ್ದರಿಂದ ಊಟದ ಜೊತೆ ತುಂಬು ಲೋಟ ನೀರಿನೊಡನೆ ನುಂಗಿ ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿರಬೇಕು. ಮಲಗುವ ಮುಂಚೆ ಹಾಸಿಗೆಯಲ್ಲಿ ಒಣಗಂಟಲಿನಿಂದ ನುಂಗಬಾರದು. ಕಬ್ಬಿಣದ ಗುಳಿಗೆ, ಹುಳಿತೇಗಿನ ಮದ್ದುಗಳ ಜೊತೆಗೂ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ಟೋಪಿ, ತುಂಬುತೋಳಿನ ಅಂಗಿ ಬೇಕು. ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದು ಸಲ್ಲದು.

ಎರಡು, ಅಟೊವಕೋನ್ ಮತ್ತು ಪ್ರೊಗ್ವಾನಿಲ್ ಕೂಡಿದ ಗುಳಿಗೆ. ಇದೂ ದಿನಕ್ಕೊಂದು. ಹೊಟ್ಟೆನೋವು, ವಾಕರಿಕೆ ಕೆಲವರಿಗುಂಟು. ಊಟದೊಡನೆ ನುಂಗಿದರೆ ಕಡಮೆ. ಇದರ ದೊಡ್ಡ ತೊಡಕು ಬೆಲೆ.

ಮೂರು, ವಾರಕ್ಕೊಂದು ನುಂಗುವ ಮೆಫ್ಲೋಕ್ವಿನ್. ನೆರೆಮನೆಯ ಹಿರಿಯರು ಹೇಳಿದ ಕನಸುಗಳ ಗುಳಿಗೆ ಇದೇ. ಕೆಟ್ಟ ಕನಸು, ನಿದ್ರೆಗೇಡು, ತಲೆತಿರುಗು, ಕಾರಣವಿಲ್ಲದ ಕಳವಳ, ಮನಸ್ಸಿನ ಕುಗ್ಗು ಇದರಿಂದ ಬರಬಹುದು. ತಲೆತಿರುಗು, ಕಿವಿಯ ಮೊರೆತ ಕೆಲವರಲ್ಲಿ ಗುಳಿಗೆ ಬಿಟ್ಟ ಮೇಲೂ ಉಳಿಯಬಹುದೆಂದು ೨೦೧೩ರಲ್ಲಿ ಅಮೆರಿಕದ ಔಷಧ ಇಲಾಖೆ ಪೊಟ್ಟಣದ ಮೇಲೆ ಬಲವಾದ ಎಚ್ಚರಿಕೆ ಬರೆಸಿತು. ಮನೋವ್ಯಾಧಿಯಾಗಲಿ ಮೂರ್ಛೆರೋಗವಾಗಲಿ ಹಿಂದೆ ಇದ್ದವರು ಇದನ್ನು ಮುಟ್ಟಬಾರದು. ಇಂಥ ಸಂಗತಿಯನ್ನು ಮನೆಯವರು ಮರ್ಯಾದೆಗಂಜಿ ವೈದ್ಯರಿಂದ ಮರೆಮಾಚುವುದು ದೊಡ್ಡ ತಪ್ಪು. ಇತರರೂ ಎರಡು ಮೂರು ವಾರ ಮೊದಲೇ ಆರಂಭಿಸಿದರೆ, ಒಗ್ಗದಿರುವುದು ಊರಿನಲ್ಲಿಯೇ ತಿಳಿದುಬರುತ್ತದೆ. ಬೇರೆ ಗುಳಿಗೆಗೆ ಬದಲಾಯಿಸಲು ಸಮಯವಿರುತ್ತದೆ.

ಪ್ರಿಮಾಕ್ವಿನ್ ಎಂಬ ಇನ್ನೊಂದು ಮದ್ದಿನ ವಿಚಾರ ಕುತೂಹಲಕರ. ಅದನ್ನು ನುಂಗಿದ ಕೆಲವರ ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುತ್ತಿತ್ತು. ಅವರ ರಕ್ತಕಣಗಳಲ್ಲಿ ಜಿ-೬-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದೆಯೆಂದು ೧೯೫೬ರಲ್ಲಿ ತಿಳಿದುಬಂದಿತು. ತಲೆತಲಾಂತರದಿಂದ ಮಲೇರಿಯ ಬೀಡುಬಿಟ್ಟಿದ್ದ ನಾಡುಗಳ ಜನರಲ್ಲಿ ಈ ಕೊರತೆ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಪರೀಕ್ಷೆಯಾಗದೆ ಆ ಮದ್ದನ್ನು ನುಂಗಬಾರದು.

ಮಿಕ್ಕ ಪ್ರಯಾಣಿಕರ ವಿಷಯ ಸಂಕ್ಷೇಪವಾಗಿ ಹೇಳಬಹುದು. ಹಜ್ ಯಾತ್ರೆಗೆ ಹೋಗುವವರಿಗೆ ಮಿದುಳುಪೊರೆಯ ಜ್ವರದ ಲಸಿಕೆ ಕಡ್ಡಾಯ. ತೋಳುನೋವು, ಒಂದೆರಡು ದಿನದ ತಲೆನೋವುಗಳಿಗಿಂತ ಹೆಚ್ಚಿನದು ವಿರಳ. ಕೈಲಾಸ ಮಾನಸಸರೋವರದ ಯಾತ್ರಿಕರು ಎತ್ತರದ ಬೇನೆಗೆಂದು ನುಂಗುವ ಅಸೆಟಜೋಲಮೈಡಿನಿಂದ ಬೆರಳ ತುದಿ ಜುಮುಗುಟ್ಟುತ್ತದೆ, ಮೂತ್ರ ಪದೇ ಪದೇ ಬರುತ್ತದೆ. ಇದಕ್ಕೆ ಗಾಬರಿ ಬೇಡ. ಆದರೆ ಸಲ್ಫಾ ಮದ್ದು ಒಗ್ಗದವರು ಮೊದಲೇ ಹೇಳಬೇಕು. ಭೇದಿಯಾದೀತೆಂಬ ಭಯದಿಂದ ಮುಂಗಡವಾಗಿ ಪ್ರತಿಜೀವಕಗಳನ್ನು ನುಂಗುತ್ತ ಹೋಗುವುದು ಮಾತ್ರ ಸಾಮಾನ್ಯ ಪ್ರಯಾಣಿಕನಿಗೆ ಬೇಡದ ಕೆಲಸ. ಅಲ್ಲಿ ಕುದಿಸಿದ ನೀರು, ಬಿಸಿ ಊಟಗಳೇ ಮದ್ದು.

ಹಾಗಾದರೆ ಅತ್ತಿವೇರಿಯ ಹುಡುಗ ಮಾಡಬೇಕಾದದ್ದಿಷ್ಟು. ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು, ಹೊರಡುವುದಕ್ಕೆ ಆರು ವಾರ ಮೊದಲೇ ವೈದ್ಯರನ್ನು ಕಾಣಬೇಕು. ತನ್ನ ಹಳೆಯ ಕಾಯಿಲೆ, ನುಂಗುತ್ತಿರುವ ಔಷಧ, ಒಗ್ಗದ ಪದಾರ್ಥ ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಯಾವ ತೊಂದರೆ ಸಹಿಸತಕ್ಕದ್ದು, ಯಾವುದು ಕಂಡರೆ ಓಡಿ ಬರತಕ್ಕದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಗುಳಿಗೆ ಒಗ್ಗದಿದ್ದರೆ ಮದ್ದನ್ನು ಬದಲಾಯಿಸಿಕೊಳ್ಳಬೇಕೇ ಹೊರತು ತಾನಾಗಿ ಬಿಟ್ಟುಬಿಡಬಾರದು. ಗುಳಿಗೆಯಿದೆಯೆಂದು ಸೊಳ್ಳೆಪರದೆ ಮರೆಯಬಾರದು.

ಕೊನೆಯದಾಗಿ, ಎಲ್ಲರೂ ಎಡವುವ ಒಂದು ಸ್ಥಳವುಂಟು. ಊರಿಗೆ ಮರಳಿದ ದಿನವೇ ಗುಳಿಗೆಯ ಕಾಟ ಮುಗಿಯಿತೆಂದು ನಿಲ್ಲಿಸಿಬಿಡುತ್ತಾರೆ. ಮಲೇರಿಯದ ಜೀವಿ ಮೊದಲು ಯಕೃತ್ತಿನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್‌ಗಳು ಅದನ್ನು ಹಿಡಿಯುವುದು ರಕ್ತದಲ್ಲಿ. ಆದ್ದರಿಂದ ಅವನ್ನು ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಅಟೊವಕೋನ್ ಕೂಡಿದ ಗುಳಿಗೆಯನ್ನು ಒಂದು ವಾರ. ಇಷ್ಟಾಗಿಯೂ ಬಂದು ಕೆಲವು ತಿಂಗಳೊಳಗೆ ಜ್ವರ ಕಂಡರೆ, ಪ್ರಯಾಣದ ಆಯಾಸವೆಂದು ಕಷಾಯ ಕುಡಿದು ಮಲಗದೆ, ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಅಲ್ಲಿ ಮೊಟ್ಟಮೊದಲು ಹೇಳಬೇಕಾದ ಮಾತು, “ನಾನು ಆಫ್ರಿಕಕ್ಕೆ ಹೋಗಿ ಬಂದಿದ್ದೇನೆ” ಎಂಬುದು. ಹಳ್ಳಿಯ ವೈದ್ಯರಿಗೆ ಅದು ತಾನಾಗಿ ತಿಳಿಯುವುದಿಲ್ಲ. ಹೇಳಿದರೆ ಒಂದು ಜೀವ ಉಳಿದೀತು.